ಎಚ್‌ಪಿ ಹೆಚ್ಚಿಸಿದರೆ ಒರತೆ ಹೆಚ್ಚದು

ಮನೆಬಾವಿಗೆ ಮೋಟಾರು ಕೂರಿಸಬೇಕೆಂದು ಪೇಟೆಗೆ ಹೋದವರಿಗೆ ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಇದು: “ಅರ್ಧ ಎಚ್‌ಪಿ ಬೇಡ ಮಾರಾಯ್ರೇ, ಒಂದು ಹಾಕಿ. ಒಂದೂವರೆ ಹಾಕಿದರೆ ಮತ್ತೆ ತಲೆಬಿಸಿಯೇ ಇಲ್ಲ.” ಪ್ಲಂಬರ್ ಹೇಳುವುದೂ ಇದನ್ನೇ, ನೆರೆಮನೆಯವರು ಹೇಳುವುದೂ ಇದನ್ನೇ. ಮುಂಬೈಯಿಂದಲೋ ದುಬೈಯಿಂದಲೋ ದುಡ್ಡು ಕಳಿಸುವ ಮಗನೂ ಫೋನಿನಲ್ಲಿ ಇದನ್ನೇ ಒತ್ತಿ ಹೇಳುತ್ತಾನೆ. ಬಾವಿ ಎಷ್ಟು ಆಳ, ಎಷ್ಟು ಅಗಲ, ಮೇ ತಿಂಗಳಲ್ಲಿ ತಳದಲ್ಲಿ ಎಷ್ಟು ನೀರು ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ಮೋಟಾರು ದೊಡ್ಡದಿದ್ದಷ್ಟು ಒಳ್ಳೆಯದು ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಕೂತಿದೆ.

ಈ ನಂಬಿಕೆ ತಪ್ಪು, ಮತ್ತು ಇದರಿಂದ ಹಾನಿಯಿದೆ. ಮನೆಬಳಕೆಯ ತೆರೆದ ಬಾವಿಗೆ ಸಾಕಾಗುವಷ್ಟರಲ್ಲಿ ಅತ್ಯಂತ ಚಿಕ್ಕ ಮೋಟಾರೇ ಸರಿಯಾದ ಮೋಟಾರು. ನೀರು ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬಾವಿಯ ಒರತೆ. ಯಂತ್ರಕ್ಕೆ ಆ ಅಧಿಕಾರವಿಲ್ಲ. ಇಷ್ಟು ಸರಳ ಸಂಗತಿಯನ್ನು ಮರೆತ ಕಾರಣಕ್ಕೆ ಒಳ್ಳೊಳ್ಳೆಯ ಬಾವಿಗಳಿಗೆ “ಬತ್ತಿದ ಬಾವಿ” ಎಂಬ ಹೆಸರು ಬಂದಿದೆ, ಅವುಗಳ ಪಕ್ಕದಲ್ಲೇ ಕೊಳವೆಬಾವಿಗಳು ಎದ್ದಿವೆ.

ಮೊದಲು ನಮ್ಮ ಅಗತ್ಯವನ್ನೇ ಲೆಕ್ಕ ಹಾಕೋಣ. ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ನಗರದ ನೀರು ಪೂರೈಕೆಗೆ ಬಳಸುವ ಮಾನದಂಡ 135 ಲೀಟರ್. ದೊಡ್ಡ ಲೆಕ್ಕವನ್ನೇ ಹಿಡಿದರೂ ಐದು ಜನರ ಮನೆಗೆ ದಿನಕ್ಕೆ 675 ಲೀಟರ್. ದನದ ಕೊಟ್ಟಿಗೆ, ಅಂಗಳದ ನಾಲ್ಕು ಹೂವಿನ ಗಿಡ, ಮನೆಗೆ ಬಂದುಹೋಗುವವರು ಎಲ್ಲ ಸೇರಿ ಒಂದು ಸಾವಿರ ಲೀಟರ್ ಎನ್ನೋಣ. ಅಂದರೆ ಸಾವಿರ ಲೀಟರಿನ ಒಂದು ಟ್ಯಾಂಕ್ ದಿನಕ್ಕೊಮ್ಮೆ ತುಂಬಿದರೆ ಆಯಿತು. ಅದು ಹತ್ತು ನಿಮಿಷದಲ್ಲಿ ತುಂಬಿದರೂ ಒಂದು ಗಂಟೆಯಲ್ಲಿ ತುಂಬಿದರೂ ಮನೆಯವರಿಗೆ ಸಿಗುವ ನೀರು ಅಷ್ಟೇ. ಬಾವಿಗೆ ಮಾತ್ರ ಈ ಎರಡರ ನಡುವೆ ಅಜಗಜಾಂತರ.

ಐದಡಿ ಅಗಲದ ರಿಂಗ್ ಬಾವಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಒಂದಡಿ ನೀರೆಂದರೆ ಸುಮಾರು 555 ಲೀಟರ್. ಬೇಸಗೆಯಲ್ಲಿ ಆ ಬಾವಿಗೆ ನಿಮಿಷಕ್ಕೆ 15 ಲೀಟರ್ ಒರತೆ ಇದೆ ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 120 ಲೀಟರ್ ಎಳೆಯುವ ದೊಡ್ಡ ಪಂಪು ಸಾವಿರ ಲೀಟರನ್ನು ಎಂಟು ನಿಮಿಷ ಚಿಲ್ಲರೆಯಲ್ಲಿ ಎತ್ತಿಬಿಡುತ್ತದೆ. ಅಷ್ಟು ಹೊತ್ತಿನಲ್ಲಿ ಒರತೆಯಿಂದ ಬರುವುದು ಬರೀ 125 ಲೀಟರ್. ಉಳಿದ 875 ಲೀಟರನ್ನು ಬಾವಿಯಲ್ಲಿ ನಿಂತ ನೀರಿನಿಂದಲೇ ತೆಗೆಯಬೇಕು. ಮಟ್ಟ ಒಂದೂವರೆ ಅಡಿಗಿಂತ ಹೆಚ್ಚು ಇಳಿಯುತ್ತದೆ. ನಿಮಿಷಕ್ಕೆ 30 ಲೀಟರ್ ಎತ್ತುವ ಪಂಪಿಗೆ ಅದೇ ಟ್ಯಾಂಕ್ ತುಂಬಲು 33 ನಿಮಿಷ ಬೇಕು, ಆ ಹೊತ್ತಿಗೆ ಒರತೆಯಿಂದ ಅರ್ಧದಷ್ಟು ನೀರು ಬಂದಿರುತ್ತದೆ. ಮಟ್ಟ ಒಂದಡಿಯೂ ಇಳಿಯುವುದಿಲ್ಲ. ನಿಮಿಷಕ್ಕೆ 20 ಲೀಟರ್ ಆದರೆ ಐವತ್ತು ನಿಮಿಷ, ಇಳಿತ ಅರ್ಧ ಅಡಿಯೊಳಗೆ. ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಬಾವಿಯ ತಳದಲ್ಲಿ ಉಳಿಯುವುದೇ ಎರಡು ಮೂರು ಅಡಿ ನೀರು. ಫುಟ್‌ವಾಲ್ವ್ ಮುಳುಗಿರಲು ಅದರಲ್ಲಿ ಒಂದಡಿಗೂ ಹೆಚ್ಚು ಮೀಸಲು ಬೇಕು. ದೊಡ್ಡ ಪಂಪು ಅಲ್ಲಿ ಅರ್ಧ ಟ್ಯಾಂಕ್ ತುಂಬುವಷ್ಟರಲ್ಲಿ ಗಾಳಿ ಎಳೆಯಲು ಶುರು ಮಾಡುತ್ತದೆ. ಆಗ ಮನೆಯವರ ತೀರ್ಮಾನ: “ಬಾವಿ ಬತ್ತಿತು.” ಬಾವಿಯಲ್ಲಿ ಒರತೆ ಇದ್ದೇ ಇದೆ. ಬರುವ ನೀರಿಗೆ ಕಾಯುವ ವ್ಯವಧಾನ ಯಂತ್ರಕ್ಕಿಲ್ಲ.

ರಾಟೆ, ಹಗ್ಗ, ಕೊಡಪಾನದ ಕಾಲದಲ್ಲಿ ಬಾವಿಗೆ ಈ ವ್ಯವಧಾನ ತಾನಾಗಿಯೇ ಸಿಗುತ್ತಿತ್ತು. ಬೆಳಿಗ್ಗೆ ನಾಲ್ಕು ಕೊಡ, ಮಧ್ಯಾಹ್ನ ಸ್ನಾನಕ್ಕೆ, ಸಂಜೆ ದನಕ್ಕೆ ಎಂದು ನೀರು ದಿನವಿಡೀ ಹಂಚಿಹೋಗುತ್ತಿತ್ತು. ಸೇದಿ ಸೇದಿ ಮನೆಯ ಹೆಂಗಸರ ಅಂಗೈ ದಡ್ಡುಗಟ್ಟಿದ್ದನ್ನು ನೋಡಿದವರಾರೂ ಆ ಕಾಲ ಮರಳಿ ಬರಲಿ ಎನ್ನಲಾರರು, ನಾನೂ ಎನ್ನುವುದಿಲ್ಲ. ಮೋಟಾರು ಬರಲೇಬೇಕಿತ್ತು. ಬಂದ ಮೋಟಾರು ಬಾವಿಯ ನಡೆಗೆ ಹೊಂದುವಂಥದ್ದಾಗಬೇಕಿತ್ತು ಎಂಬುದಷ್ಟೇ ನನ್ನ ತಕರಾರು.

ಮಟ್ಟ ಇಳಿದಷ್ಟು ಒರತೆ ಜೋರಾಗುತ್ತದಲ್ಲ ಎಂದು ತಿಳಿದವರು ಕೇಳಬಹುದು. ಹೌದು, ಸ್ವಲ್ಪ ಮಟ್ಟಿಗೆ ಜೋರಾಗುತ್ತದೆ, ಹೊರಗಿನ ನೀರಿನ ಮಟ್ಟಕ್ಕೂ ಒಳಗಿನ ಮಟ್ಟಕ್ಕೂ ಅಂತರ ಹೆಚ್ಚುವುದರಿಂದ. ಆದರೆ ಅದಕ್ಕೆ ತೆರಬೇಕಾದ ಬೆಲೆ ನಮ್ಮ ಮಣ್ಣಿನಲ್ಲಿ ಬಹಳ ದೊಡ್ಡದು. ಕರಾವಳಿಯ ಮುರಕಲ್ಲಿನ ಪದರ ಗಟ್ಟಿ. ಅದರ ಕೆಳಗಿರುವ ಶೇಡಿಮಣ್ಣು ಹಾಗಲ್ಲ. ನೀರು ರಭಸದಿಂದ ಒಳನುಗ್ಗಿದಾಗ ನುಣುಪಾದ ಮಣ್ಣನ್ನೂ ಕೊಚ್ಚಿ ತರುತ್ತದೆ. ನೀರು ಕದಡುತ್ತದೆ, ತಳದಲ್ಲಿ ಹೂಳು ತುಂಬುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಮುರಕಲ್ಲಿನ ಅಡಿಯಲ್ಲಿ ಪೊಳ್ಳು ಬಿದ್ದು ಬಾವಿಯ ಬದಿ ಕುಸಿಯುತ್ತದೆ. ಮರಳಿನ ನೆಲದ ರಿಂಗ್ ಬಾವಿಯಲ್ಲಿ ಮರಳೇ ಮೇಲೇಳುತ್ತದೆ, ರಿಂಗು ವಾಲುತ್ತದೆ. ಪ್ರತಿ ವರ್ಷ ಹೂಳು ತೆಗೆಸಬೇಕಾದ ಬಾವಿಯಿದ್ದರೆ ಅದಕ್ಕೆ ಕೂರಿಸಿದ ಮೋಟಾರು ಎಷ್ಟು ದೊಡ್ಡದು ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಸಮುದ್ರದ ಹತ್ತಿರ ಬಂದಷ್ಟು ಅಪಾಯ ಇನ್ನೂ ಹೆಚ್ಚು. ಮರವಂತೆ, ಪಡುಕೆರೆ, ಕೋಡಿಬೆಂಗ್ರೆಯಂಥ ಕಡೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ನಡುವಿನ ಕಿರಿದಾದ ಮರಳುಪಟ್ಟಿಯ ಅಡಿಯಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿಗಿಂತ ಕಡಲನೀರು ಸುಮಾರು ನಲವತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು ಭಾರ. ಈ ಸಣ್ಣ ವ್ಯತ್ಯಾಸದಿಂದ ಹುಟ್ಟುವ ನಿಯಮವನ್ನು 19ನೇ ಶತಮಾನದ ಕೊನೆಯಲ್ಲಿ ನೆದರ್ಲೆಂಡ್ಸಿನ ಗೈಬೆನ್, ಆಮೇಲೆ 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬಿಡಿಸಿ ಹೇಳಿದರು. ಕಡಲ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರು ಇರುತ್ತದೆ. ಮೇಲಿನ ಮಟ್ಟವನ್ನು ಒಂದಡಿ ಕಾಯಂ ಆಗಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಕಾಲಾಂತರದಲ್ಲಿ ನಲವತ್ತು ಅಡಿ ಏರಬಲ್ಲದು. ಜೋರಾಗಿ ಎಳೆಯುವ ಬಾವಿಯ ನೇರ ಕೆಳಗೆ ಉಪ್ಪುನೀರು ಗೋಪುರದ ಹಾಗೆ ಮೇಲೇಳುತ್ತದೆ. ಒಮ್ಮೆ ಉಪ್ಪು ಸೇರಿದ ಮೇಲೆ ಅದನ್ನು ಹೊರದೂಡಲು ಎಷ್ಟೋ ಮಳೆಗಾಲ ಬೇಕಾದೀತು, ಮತ್ತು ಅದರ ಫಲ ಉಣ್ಣುವುದು ಮೋಟಾರು ಹಾಕಿಸಿದ ಮನೆಯೊಂದೇ ಅಲ್ಲ. ಬೇಲಿಯಾಚೆ ಇನ್ನೂ ಕೊಡದಲ್ಲೇ ನೀರು ಸೇದುವ ಮನೆಯ ಬಾವಿಯೂ ಅದೇ ನೀರಿನ ಮೇಲೆ ನಿಂತಿದೆ. ಈ ಕಾರಣಕ್ಕೇ ಮೋಟಾರಿನ ಗಾತ್ರವನ್ನು ಖರೀದಿಸುವವರ ಸ್ವಂತ ವಿಚಾರ ಎಂದು ಬಿಟ್ಟುಬಿಡಲು ನನಗೆ ಸಾಧ್ಯವಿಲ್ಲ.

ಸಣ್ಣ ಮೋಟಾರು ನೀರನ್ನು ಮೇಲೆತ್ತೀತೇ ಎಂಬ ಅನುಮಾನವನ್ನೂ ಲೆಕ್ಕದಿಂದಲೇ ಬಗೆಹರಿಸಬಹುದು. ಬಾವಿಯ ನೀರಿನ ಮಟ್ಟದಿಂದ ತಾರಸಿಯ ಟ್ಯಾಂಕಿನ ಬಾಯಿಯವರೆಗೆ, ಪೈಪಿನ ಘರ್ಷಣೆಯೂ ಸೇರಿ, ಒಟ್ಟು 18 ಮೀಟರ್, ಅಂದರೆ ಸುಮಾರು 60 ಅಡಿ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 30 ಲೀಟರನ್ನು ಅಷ್ಟು ಎತ್ತರಕ್ಕೆ ಒಯ್ಯಲು ನೀರಿಗೆ ಕೊಡಬೇಕಾದ ಶಕ್ತಿ 90 ವಾಟ್‌ಗೂ ಕಡಿಮೆ. ಒಂದು ಎಚ್‌ಪಿ ಎಂದರೆ 746 ವಾಟ್, ಅರ್ಧ ಎಂದರೆ 373. ಪಂಪು ತನಗೆ ಸಿಕ್ಕ ಶಕ್ತಿಯಲ್ಲಿ ಮುಕ್ಕಾಲು ಪಾಲು ಹಾಳು ಮಾಡಿದರೂ ಅರ್ಧ ಎಚ್‌ಪಿ ಸಾಕು. ಸಾವಿರ ಲೀಟರನ್ನು 18 ಮೀಟರ್ ಎತ್ತುವ ನಿಜವಾದ ಕೆಲಸ ಒಂದು ಯೂನಿಟ್ ವಿದ್ಯುತ್ತಿನ ಇಪ್ಪತ್ತನೇ ಒಂದು ಭಾಗ. ಎಲ್ಲ ನಷ್ಟ ಸೇರಿಸಿದರೂ ಅರ್ಧ ಯೂನಿಟ್ ಮುಟ್ಟಬೇಕಾಗಿಲ್ಲ.

ಪೈಪಿನ ಕಡೆಗೂ ಯಾರೂ ನೋಡುವುದಿಲ್ಲ. ಪೈಪಿನೊಳಗೆ ನೀರಿನ ಹರಿವು ಎರಡು ಪಟ್ಟಾದರೆ ಘರ್ಷಣೆಯ ನಷ್ಟ ಮೂರೂವರೆ ಪಟ್ಟಿಗೂ ಹೆಚ್ಚಾಗುತ್ತದೆ, ನಾಲ್ಕು ಪಟ್ಟಾದರೆ ಹದಿಮೂರು ಪಟ್ಟು. ಒಂದಿಂಚಿನ ನೂರಡಿ ಪ್ಲಾಸ್ಟಿಕ್ ಪೈಪಿನಲ್ಲಿ ನಿಮಿಷಕ್ಕೆ 30 ಲೀಟರ್ ಹರಿದರೆ ಕಳೆದುಹೋಗುವುದು ಒಂದೂವರೆ ಮೀಟರ್ ಎತ್ತರದಷ್ಟು ಬಲ. ಅದೇ ಪೈಪಿನಲ್ಲಿ 120 ಲೀಟರ್ ನೂಕಲು ಹೊರಟರೆ 19 ಮೀಟರಿನಷ್ಟು ಕಳೆಯುತ್ತದೆ. ಬಾವಿಯಿಂದ ಟ್ಯಾಂಕಿಗಿರುವ ನಿಜವಾದ ಎತ್ತರಕ್ಕಿಂತ ಪೈಪಿನ ಗೋಡೆಗೆ ಉಜ್ಜಿ ಹೋಗುವುದೇ ಹೆಚ್ಚು. ಇದರ ಮೇಲೆ ಎಲ್ಬೋ, ಬೆಂಡುಗಳ ಲೆಕ್ಕ ಬೇರೆ. ಒಂದಿಂಚಿನ ಬದಲು ಒಂದೂಕಾಲು ಇಂಚಿನ ಪೈಪು ಹಾಕಿದರೆ ಅದೇ ಹರಿವಿಗೆ ನಷ್ಟ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಪೈಪಿಗೆ ಖರ್ಚು ಒಮ್ಮೆ ಮಾತ್ರ, ದೊಡ್ಡ ಮೋಟಾರಿನ ಬಿಲ್ಲು ತಿಂಗಳು ತಿಂಗಳೂ ಬರುತ್ತದೆ.

“ಬಚ್ಚಲಲ್ಲಿ ನೀರು ಜೋರಾಗಿ ಬರಬೇಕು, ಅದಕ್ಕೇ ದೊಡ್ಡದು ಹಾಕಿದ್ದು” ಎನ್ನುವವರಿದ್ದಾರೆ. ಟ್ಯಾಂಕಿನಿಂದ ಬರುವ ನಲ್ಲಿನೀರಿನ ಬಿರುಸಿಗೂ ಬಾವಿಯ ಮೋಟಾರಿಗೂ ಸಂಬಂಧವೇ ಇಲ್ಲ. ಅದನ್ನು ತೀರ್ಮಾನಿಸುವುದು ಟ್ಯಾಂಕ್ ಎಷ್ಟು ಎತ್ತರದಲ್ಲಿದೆ, ಇಳಿಯುವ ಪೈಪು ಎಷ್ಟು ದಪ್ಪ ಎಂಬುದು. ಬಿರುಸು ಬೇಕಿದ್ದವರು ಟ್ಯಾಂಕಿನ ಕಟ್ಟೆಯನ್ನು ನಾಲ್ಕಡಿ ಏರಿಸಲಿ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಾವಿಕಟ್ಟೆಯ ಪಕ್ಕದ ಗೂಡಿನಲ್ಲಿ ಕೂತ ಮೋಟಾರು ಓಡುತ್ತಿದೆ, ನೀರು ಬರುತ್ತಿಲ್ಲ. ಇಣುಕಿದರೆ ಕೆಳಗೆ ನೀರು ಕಾಣುತ್ತದೆ. “ಇದಕ್ಕೆ ಎಳೆಯುವ ತಾಕತ್ತು ಸಾಲದು” ಎಂದು ಅರ್ಧ ತೆಗೆದು ಒಂದೂವರೆ ಎಚ್‌ಪಿ ತರುತ್ತಾರೆ. ಮೇಲೆ ಕೂತ ಯಾವ ಪಂಪೂ ನೀರನ್ನು ಎಳೆಯುವುದಿಲ್ಲ. ಪಂಪು ಪೈಪಿನ ಗಾಳಿಯ ಒತ್ತಡವನ್ನು ಇಳಿಸುತ್ತದೆ, ಬಾವಿಯ ನೀರಿನ ಮೇಲಿರುವ ಹೊರಗಾಳಿಯ ಭಾರ ನೀರನ್ನು ಮೇಲಕ್ಕೆ ನೂಕುತ್ತದೆ. ಆ ಭಾರಕ್ಕೆ ಒಂದು ಮಿತಿಯಿದೆ. ಹೀರುವ ಪಂಪು ಒಂದು ಎತ್ತರದಾಚೆ ನೀರೆತ್ತುವುದಿಲ್ಲ ಎಂಬುದನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲೇ ಚರ್ಚಿಸಿದ್ದ. ಕೆಲವೇ ವರ್ಷಗಳಲ್ಲಿ ಅವನ ಶಿಷ್ಯ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ಅದರ ಕಾರಣವನ್ನು ತೋರಿಸಿಕೊಟ್ಟ. ಕಡಲ ಮಟ್ಟದಲ್ಲಿ ಆ ಮಿತಿ 10.3 ಮೀಟರ್, ಸುಮಾರು 34 ಅಡಿ. ಅದೂ ಪರಿಪೂರ್ಣ ಪಂಪಿಗೆ. ನಮ್ಮ ಅಂಗಡಿಯ ಪಂಪಿಗೆ 20ರಿಂದ 23 ಅಡಿ ಎಂದುಕೊಳ್ಳುವುದು ಕ್ಷೇಮ. ಗಾಳಿ ತೆಳುವಾಗಿರುವ ಮಡಿಕೇರಿಯಲ್ಲಿ ಇನ್ನೂ ಮೂರು ನಾಲ್ಕು ಅಡಿ ಕಡಿಮೆ. ಐವತ್ತು ಎಚ್‌ಪಿ ಮೋಟಾರು ತಂದರೂ ಈ ಮಿತಿ ಒಂದಿಂಚೂ ಜರುಗದು. ಅಷ್ಟೇ ಅಲ್ಲ, ದೊಡ್ಡ ಪಂಪು ಅದೇ ಹೀರುಪೈಪಿನಲ್ಲಿ ಹೆಚ್ಚು ನೀರನ್ನು ತರಲು ಹೋಗಿ ಘರ್ಷಣೆ ಹೆಚ್ಚಿಸಿಕೊಳ್ಳುವುದರಿಂದ ಚಿಕ್ಕದಕ್ಕಿಂತ ಕಡಿಮೆ ಆಳದಿಂದಲೇ ಸೋಲುತ್ತದೆ. ದುಡ್ಡು ಹೆಚ್ಚು ಕೊಟ್ಟು ನೀರು ಕಡಿಮೆ ಪಡೆಯುವ ವ್ಯವಹಾರವಿದು.

ಇದಕ್ಕೆ ಪರಿಹಾರ ಪಂಪನ್ನು ನೀರಿನ ಹತ್ತಿರಕ್ಕೆ ಒಯ್ಯುವುದು. ಬಾವಿಯೊಳಗೆ ಕಬ್ಬಿಣದ ಗರ್ಡರ್ ಹಾಕಿ ಮೋಟಾರನ್ನು ಇಳಿಸಿ ಕೂರಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಜೂನ್ ಮಳೆ ಹಿಡಿಯುವ ಮೊದಲು ಮೇಲೆ ತಾರದಿದ್ದರೆ ಮುಳುಗುತ್ತದೆ ಎಂಬುದೊಂದೇ ಅದರ ಕಷ್ಟ. ನಮ್ಮ ಬಾವಿಗಳಲ್ಲಿ ಜುಲೈಗೂ ಮೇಗೂ ಇಪ್ಪತ್ತಡಿಯ ವ್ಯತ್ಯಾಸ ಅಪರೂಪವಲ್ಲ. ಆ ತಾಪತ್ರಯ ಬೇಡದವರಿಗೆ ತೆರೆದ ಬಾವಿಗೆಂದೇ ಮಾಡಿದ ಮುಳುಗು ಪಂಪು, ಅಂದರೆ ಓಪನ್‌ವೆಲ್ ಸಬ್‌ಮರ್ಸಿಬಲ್ ಇದೆ. ಐಎಸ್ 14220 ಎಂಬ ಮಾನಕ ಅದಕ್ಕೆ ಸಂಬಂಧಿಸಿದ್ದು. ಅದನ್ನು ತಳಕ್ಕೆ ತಾಗಿಸಿ ಇಡಬಾರದು, ಹೂಳು ಹೀರುತ್ತದೆ. ಒಂದೆರಡು ಅಡಿ ಮೇಲೆ ನಿಲ್ಲಿಸಬೇಕು, ಯಾವಾಗಲೂ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಳ್ಳಬೇಕು. ಚಿಕ್ಕ ಪಂಪು ಹಾಕಿದವರಿಗೆ ಇದು ಕಷ್ಟವಲ್ಲ, ದೊಡ್ಡದು ಹಾಕಿದವರಿಗೆ ದಿನವೂ ಆತಂಕ.

ಪಂಪಿನ ಬಿಲ್ಲೆಯ ಮೇಲೆ ಬರೆದ ಹೆಡ್, ಅಂದರೆ ನೀರೆತ್ತುವ ಎತ್ತರದ ಅಂಕಿಯನ್ನು ಓದದೆ ಪಂಪು ಕೊಳ್ಳಬಾರದು. ಹೆಡ್ ಹೆಚ್ಚಿರುವುದು ಮುಂದಕ್ಕೆ ಒಳಿತು ಎಂದು ಮಾರುವವರು ಹೇಳುತ್ತಾರೆ. ಮನೆಗೆ ಬಳಸುವ ಮೋನೋಬ್ಲಾಕ್ ಪಂಪನ್ನು ಅದಕ್ಕೆ ಹೇಳಿದ್ದಕ್ಕಿಂತ ತೀರಾ ಕಡಿಮೆ ಎತ್ತರಕ್ಕೆ ಓಡಿಸಿದರೆ ಅದು ಬೇಕಾದ್ದಕ್ಕಿಂತ ಹೆಚ್ಚು ನೀರು ನೂಕಿ, ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಮಳೆಗಾಲದಲ್ಲಿ ಬಾವಿ ತುಂಬಿ ಎತ್ತರ ಕಡಿಮೆಯಾದಾಗ ವೈಂಡಿಂಗ್ ಸುಡಲು ಇದೂ ಒಂದು ಕಾರಣ. ಜುಲೈ ಮತ್ತು ಮೇ, ಎರಡೂ ತಿಂಗಳ ಎತ್ತರ ಆ ಬಿಲ್ಲೆಯ ಮಿತಿಯೊಳಗೆ ಬರಬೇಕು.

ದೊಡ್ಡ ಮೋಟಾರಿನ ಪರವಾಗಿ ಗಂಭೀರವಾದ ವಾದ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಹಳ್ಳಿಯಲ್ಲಿ ಕರೆಂಟು ಬರುವುದೇ ಸ್ವಲ್ಪ ಹೊತ್ತು, ವೋಲ್ಟೇಜೂ ಇರುವುದಿಲ್ಲ. ಇದ್ದಾಗಲೇ ಟ್ಯಾಂಕ್ ತುಂಬಿಸಿಕೊಳ್ಳದಿದ್ದರೆ ಆ ದಿನ ಗೋವಿಂದ. ಈ ಯೋಚನೆ ನಮಗೆ ಬಂದದ್ದು ತೋಟದಿಂದ. ಅಡಿಕೆ ತೋಟಕ್ಕೆ ತ್ರೀಫೇಸ್ ಸಿಗುವ ಕೆಲವೇ ಗಂಟೆಗಳಲ್ಲಿ ಸ್ಪ್ರಿಂಕ್ಲರ್ ತಿರುಗಬೇಕು, 10 ಎಚ್‌ಪಿವರೆಗೆ ಕರೆಂಟೂ ಉಚಿತ. ಅಲ್ಲಿ ದೊಡ್ಡ ಮೋಟಾರಿಗೆ ಅರ್ಥವಿದೆ. ಮನೆಯ ಸಿಂಗಲ್ ಫೇಸ್ ಸಂಪರ್ಕಕ್ಕೆ ದಿನದಲ್ಲಿ ಮುಕ್ಕಾಲು ಗಂಟೆಯೂ ಕರೆಂಟು ಸಿಗದ ಊರು ಈಗ ವಿರಳ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಆಗ ಒಂದೂವರೆ ಎಚ್‌ಪಿಯೂ ಸುಮ್ಮನೆ ಕೂತಿರುತ್ತದೆ. ಆ ದಿನಗಳಿಗೆ ಬೇಕಾದದ್ದು ಎರಡನೇ ಟ್ಯಾಂಕ್.

ವೋಲ್ಟೇಜಿನ ವಿಷಯಕ್ಕೆ ಬಂದರೆ ಈ ವಾದ ತಿರುಗುಬಾಣವಾಗುತ್ತದೆ. ಇಂಡಕ್ಷನ್ ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 170 ಇದ್ದರೆ ಬಲ ಅರ್ಧಕ್ಕಿಂತ ತುಸು ಮಾತ್ರ ಹೆಚ್ಚು ಉಳಿಯುತ್ತದೆ. ಚಾಲೂ ಮಾಡುವ ಗಳಿಗೆಯಲ್ಲಿ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದ, ಸಪೂರ ತಂತಿಯ ಕೊನೆಯ ಮನೆಯಲ್ಲಿ ಒಂದೂವರೆ ಎಚ್‌ಪಿ ಚಾಲೂ ಮಾಡಿದರೆ ಆ ಎಳೆತಕ್ಕೇ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ಮೋಟಾರು ಗುಂಯ್ ಎಂದು ಕೂತಲ್ಲೇ ಕೂರುತ್ತದೆ, ಕೆಪ್ಯಾಸಿಟರ್ ಹೋಗುತ್ತದೆ, ಕಾಯಿಲ್ ಸುಡುತ್ತದೆ. ಅರ್ಧ ಎಚ್‌ಪಿ ಅದೇ ತಂತಿಯಲ್ಲಿ ತಿರುಗಿಬಿಡುವ ಸಾಧ್ಯತೆ ಹೆಚ್ಚು. ಕರೆಂಟು ಬಂದೊಡನೆ ಊರಿನವರೆಲ್ಲ ಒಟ್ಟಿಗೇ ದೊಡ್ಡ ಮೋಟಾರುಗಳನ್ನು ಹಾಕುವುದೂ ಲೋ ವೋಲ್ಟೇಜಿಗೆ ಒಂದು ಕಾರಣ. ಲೋ ವೋಲ್ಟೇಜಿಗೆ ಹೆದರಿ ಇನ್ನೂ ದೊಡ್ಡದನ್ನು ತರುವುದರಿಂದ ಬೀದಿಯ ಕಷ್ಟ ಹೆಚ್ಚುತ್ತದೆ.

ಹಾಗಾದರೆ ಎಷ್ಟು ಎಚ್‌ಪಿ ಬೇಕು ಎಂದು ನಿರ್ಧರಿಸುವುದು ಹೇಗೆ? ಬಾವಿಯನ್ನೇ ಕೇಳಬೇಕು, ಅದೂ ಮೇ ತಿಂಗಳಲ್ಲಿ. ಆಗಸ್ಟಿನ ಬಾವಿ ಎಲ್ಲರಿಗೂ ಉದಾರಿ. ಹಗ್ಗಕ್ಕೆ ಕಲ್ಲು ಕಟ್ಟಿ ನೀರಿನ ಮಟ್ಟಕ್ಕೆ ಗುರುತು ಮಾಡಿ. ನೆರೆಮನೆಯ ಪಂಪು ತಂದಾದರೂ ಒಂದಡಿಯಷ್ಟು ನೀರು ಇಳಿಸಿ, ನಿಲ್ಲಿಸಿ. ಒಂದು ಗಂಟೆಯಲ್ಲಿ ಎಷ್ಟು ಇಂಚು ಏರಿತು ನೋಡಿ. ಐದಡಿ ಅಗಲದ ಬಾವಿಯಲ್ಲಿ ಒಂದಿಂಚು ಎಂದರೆ 46 ಲೀಟರ್. ಹತ್ತು ಇಂಚು ಏರಿದರೆ ಗಂಟೆಗೆ 460 ಲೀಟರ್, ನಿಮಿಷಕ್ಕೆ ಎಂಟರ ಹತ್ತಿರ. ಇಂಥ ಬಾವಿಯಿಂದಲೂ ದಿನಕ್ಕೆ ಸಾವಿರ ಲೀಟರ್ ಧಾರಾಳವಾಗಿ ಸಿಗುತ್ತದೆ, ಬೆಳಿಗ್ಗೆ ಸ್ವಲ್ಪ ಸಂಜೆ ಸ್ವಲ್ಪ ತೆಗೆದರೆ. ಇದೇ ಬಾವಿಗೆ ದೊಡ್ಡ ಮೋಟಾರು ಹಾಕಿ, ಎರಡು ಬಾರಿ ಗಾಳಿ ಎಳೆಸಿ, ಕೊಳವೆಬಾವಿಯ ಲಾರಿಗೆ ಫೋನ್ ಮಾಡುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಅಜ್ಜನೋ ಮುತ್ತಜ್ಜನೋ ಕೂಲಿಯಾಳುಗಳ ಜೊತೆ ತಾವೂ ಇಳಿದು ಮುರಕಲ್ಲು ಕಡಿದು ತೋಡಿದ ಬಾವಿಯನ್ನು ಒಂದು ಗಂಟೆ ಹಗ್ಗ ಹಿಡಿದು ಅಳೆಯುವ ತಾಳ್ಮೆಯಿಲ್ಲದೆ ಮುಚ್ಚಿಬಿಡುತ್ತೇವೆ.

“ಅರ್ಧಕ್ಕೂ ಒಂದೂವರೆಗೂ ದರದಲ್ಲಿ ಅಂಥ ವ್ಯತ್ಯಾಸವೇನಿಲ್ಲ” ಎಂಬುದು ಅಂಗಡಿಯ ಕೊನೆಯ ಮಾತು. ಆ ವ್ಯತ್ಯಾಸದ ಹಣವನ್ನು ಎಲ್ಲಿ ಹಾಕಬೇಕೆಂದು ನಾನು ಹೇಳುತ್ತೇನೆ. ನೀರಿಲ್ಲದೆ ಓಡುವ ಪಂಪಿನ ಸೀಲು ಬೇಗನೆ ಸುಡುತ್ತದೆ, ಆದ್ದರಿಂದ ನೀರು ಇಳಿದಾಗ ತಾನೇ ನಿಲ್ಲಿಸುವ ಡ್ರೈರನ್ ರಕ್ಷಣೆ ಹಾಕಿಸಿ. ಅದಕ್ಕಿಂತ ಮೊದಲು ಆರ್‌ಸಿಸಿಬಿ, ಜನ ಇಎಲ್‌ಸಿಬಿ ಎನ್ನುವ ಸ್ವಿಚ್ಚು, 30 ಮಿಲಿಆಂಪಿಯರಿನದು. ಬಾವಿಯ ಮೋಟಾರಿನ ವೈರು ಸದಾ ಒದ್ದೆಯಲ್ಲಿರುತ್ತದೆ. ಆಂಪಿಯರಿನ ಹತ್ತನೇ ಒಂದು ಭಾಗವೂ ಮನುಷ್ಯನ ಹೃದಯ ನಿಲ್ಲಿಸಬಲ್ಲದು. ಫ್ಯೂಸ್ ಕರಗುವುದು ಹತ್ತಾರು ಆಂಪಿಯರ್ ಹರಿದ ಮೇಲೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆರ್‌ಸಿಸಿಬಿ ಸೋರಿಕೆಯನ್ನು ಕಂಡ ಕ್ಷಣದಲ್ಲೇ ಕಡಿಯುತ್ತದೆ. ಅರ್ಥಿಂಗ್ ಸರಿಯಿರಬೇಕು. ಬೇಸಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ಥಿಂಗ್ ದುರ್ಬಲವಾಗುವುದರಿಂದ ಆ ಗುಂಡಿಗೆ ನೀರು ಹಾಕುತ್ತಿರಬೇಕು. ಪಂಪು ಎತ್ತಲೋ ಫುಟ್‌ವಾಲ್ವ್ ಬಿಡಿಸಲೋ ಯಾರನ್ನಾದರೂ ಬಾವಿಗಿಳಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ವೈರಿಂಗಿನಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಸ್ವಿಚ್ ಆಫ್ ಆದಾಗಲೂ ಮೋಟಾರಿಗೆ ಕರೆಂಟು ಇರುತ್ತದೆ. ಪ್ಲಗ್ಗನ್ನೇ ಕಿತ್ತು, ಇಳಿದವರು ಮೇಲೆ ಬರುವ ತನಕ ಅದನ್ನು ಮನೆಯವರೊಬ್ಬರು ಕೈಯಲ್ಲೇ ಹಿಡಿದುಕೊಂಡಿರಬೇಕು.